ಗೇಟು ಮುಚ್ಚಿದ್ದು ಒಂದು ಆದೇಶದಿಂದ, ತೆರೆದದ್ದು ಹಂತ ಹಂತವಾಗಿ: ವಸತಿ ಕಾಲೇಜುಗಳಲ್ಲಿ ಕೋವಿಡ್ ನಿರ್ಬಂಧ ಸಡಿಲಿಕೆಯ ಕಥನ

ಉಡುಪಿ: ಸಾಂಕ್ರಾಮಿಕ ರೋಗದ ಕಾಲದಲ್ಲಿ ವಸತಿ ಕಾಲೇಜೊಂದರ ಗೇಟು ಮುಚ್ಚಲು ಒಂದು ಆದೇಶ ಸಾಕು. ಅದೇ ಗೇಟು ಪೂರ್ಣವಾಗಿ ತೆರೆಯಬೇಕಾದರೆ ಹಲವು ಆದೇಶಗಳು, ಸುತ್ತೋಲೆಗಳು, ಸಭೆಗಳು ಬೇಕು. 2020ರಿಂದ 2022ರವರೆಗಿನ ಎರಡು ವರ್ಷಗಳಲ್ಲಿ ಉಡುಪಿ ಜಿಲ್ಲೆ ಇವೆರಡನ್ನೂ ಕಂಡಿತು. ವಿದ್ಯಾರ್ಥಿ ಒಳಗೆ ಬಂದ ಎಷ್ಟೋ ಕಾಲದ ನಂತರವೂ ಆತನನ್ನು ನೋಡಲು ಬಂದ ಹೆತ್ತವರು ಗೇಟಿನ ಹೊರಗೇ ನಿಲ್ಲಬೇಕಾದ ಸ್ಥಿತಿ ಇತ್ತು. ಈ ನಿಯಮಗಳನ್ನು ಯಾರು ಮಾಡಿದರು, ಯಾವ ಕಾನೂನಿನಡಿ ಮಾಡಿದರು, ಯಾವ ಕ್ರಮದಲ್ಲಿ ಸಡಿಲಗೊಂಡವು ಎಂಬ ವಿವರ ಇಲ್ಲಿದೆ.

ಕ್ಯಾಂಪಸ್‌ಗಳ ಜಿಲ್ಲೆ

1997ರಲ್ಲಿ ದಕ್ಷಿಣ ಕನ್ನಡದಿಂದ ಬೇರ್ಪಟ್ಟು ರೂಪುಗೊಂಡ ಉಡುಪಿ ಜಿಲ್ಲೆಯ ಗಾತ್ರ ಚಿಕ್ಕದು. ಆದರೆ ಪರವೂರಿನ ವಿದ್ಯಾರ್ಥಿಗಳನ್ನು ಇರಿಸಿಕೊಳ್ಳುವ ವಿಚಾರದಲ್ಲಿ ಅದು ರಾಜ್ಯದ ಮುಂಚೂಣಿಯ ಜಿಲ್ಲೆಗಳಲ್ಲಿ ಒಂದು. ಉಡುಪಿ ನಗರಕ್ಕೆ ಹೊಂದಿಕೊಂಡಿರುವ ಮಣಿಪಾಲದಲ್ಲಿ 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಐಟಿ ಎಂದು ಪರಿಚಿತವಾದ ತಾಂತ್ರಿಕ ವಿದ್ಯಾಲಯ ಆರಂಭವಾದವು. ಇವೆರಡೂ ಇಂದು ಮಾಹೆ ಡೀಮ್ಡ್ ವಿಶ್ವವಿದ್ಯಾನಿಲಯದ ಅಂಗಸಂಸ್ಥೆಗಳು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ 1986ರಲ್ಲಿ ಆರಂಭವಾದ ಎನ್‌ಎಂಎಎಂ ತಾಂತ್ರಿಕ ಕಾಲೇಜು ಇದೆ. ಕಾಪು ಸಮೀಪದ ಬಂಟಕಲ್ಲಿನಲ್ಲಿ 2010ರಿಂದ ಶ್ರೀ ಮಧ್ವ ವಾದಿರಾಜ ತಾಂತ್ರಿಕ ಕಾಲೇಜು ನಡೆಯುತ್ತಿದೆ. ಇವಲ್ಲದೆ ನರ್ಸಿಂಗ್ ಕಾಲೇಜುಗಳು, ಸರಕಾರಿ ವಿದ್ಯಾರ್ಥಿನಿಲಯಗಳು, ವಸತಿ ಶಾಲೆಗಳು ಹಲವಾರು ಇವೆ.

ಇಂತಹ ಕ್ಯಾಂಪಸ್ ಹೊರನೋಟಕ್ಕೆ ಆವರಣ ಗೋಡೆಯೊಳಗಿನ ಪುಟ್ಟ ಊರು. ಆದರೆ ಅದು ದ್ವೀಪವಲ್ಲ. ಮೆಸ್‌ನಲ್ಲಿ ಅಡುಗೆ ಮಾಡುವವರು, ಕೊಠಡಿ ಗುಡಿಸುವವರು, ಕಾವಲುಗಾರರು, ತೋಟದ ಕೆಲಸದವರು ದಿನವೂ ಸುತ್ತಲಿನ ಹಳ್ಳಿಗಳಿಂದ ಬಂದು ಸಂಜೆ ಮರಳುತ್ತಾರೆ. ರಿಕ್ಷಾ ಚಾಲಕರು, ಹೊಟೇಲಿನವರು, ಕೊಠಡಿ ಬಾಡಿಗೆಗೆ ಕೊಡುವವರು ವಿದ್ಯಾರ್ಥಿಗಳನ್ನೇ ನಂಬಿದ್ದಾರೆ. ಆದ್ದರಿಂದ ಕ್ಯಾಂಪಸ್‌ನ ಗೇಟು ಮುಚ್ಚುವುದೂ ತೆರೆಯುವುದೂ ಕೇವಲ ಕಾಲೇಜಿನ ಆಂತರಿಕ ವಿಚಾರವಾಗಿ ಉಳಿಯುವುದಿಲ್ಲ.

ಮೊದಲ ಮುಚ್ಚುಗಡೆ

2020ರ ಮಾರ್ಚ್ 13ರಂದು ರಾಜ್ಯ ಸರಕಾರ ಮಾಲ್, ಚಿತ್ರಮಂದಿರ, ವಿಶ್ವವಿದ್ಯಾನಿಲಯಗಳನ್ನು ಒಂದು ವಾರ ಮುಚ್ಚುವುದಾಗಿ ಪ್ರಕಟಿಸಿತು. ಆ ಒಂದು ವಾರ ತಿಂಗಳುಗಟ್ಟಲೆ ಮುಂದುವರಿಯಿತು. ಮಾರ್ಚ್ 25ರಂದು ದೇಶವ್ಯಾಪಿ ಲಾಕ್‌ಡೌನ್ ಆರಂಭವಾದ ದಿನವೇ ಉಡುಪಿ ಜಿಲ್ಲೆಯ ಮೊದಲ ಪ್ರಕರಣ ದೃಢಪಟ್ಟಿತು. ಉಡುಪಿಯ ಡಾ. ಟಿಎಂಎ ಪೈ ಆಸ್ಪತ್ರೆಯನ್ನು ಕೋವಿಡ್ ರೋಗಿಗಳಿಗಾಗಿಯೇ ಮೀಸಲಿಡಲಾಯಿತು. ಆರಂಭದ ಮೂವರು ಸೋಂಕಿತರು ಗುಣಮುಖರಾದ ಬಳಿಕ ಕೆಲಕಾಲ ಜಿಲ್ಲೆ ಹಸಿರು ವಲಯದಲ್ಲಿತ್ತು.

ಮೇ ತಿಂಗಳಿನಲ್ಲಿ ಚಿತ್ರಣ ಬದಲಾಯಿತು. ಮುಂಬಯಿ ಮತ್ತು ಮಹಾರಾಷ್ಟ್ರದ ಇತರೆಡೆಗಳಿಂದ ಸಾವಿರಾರು ಮಂದಿ ಕರಾವಳಿಗರು ಊರಿಗೆ ಮರಳಿದರು. ಅವರ ಕ್ವಾರಂಟೈನಿಗೆ ಶಾಲೆಗಳನ್ನೂ ವಿದ್ಯಾರ್ಥಿನಿಲಯಗಳನ್ನೂ ಬಳಸಿಕೊಳ್ಳಲಾಯಿತು. ವಿದ್ಯಾರ್ಥಿಗಳು ಬಿಟ್ಟುಹೋದ ಮಂಚಗಳಲ್ಲಿ ಊರಿಗೆ ಬಂದವರು ದಿನ ಎಣಿಸಿದರು. ಜೂನ್ ತಿಂಗಳಿನಲ್ಲಿ ಪ್ರಕರಣಗಳ ಸಂಖ್ಯೆಯಲ್ಲಿ ಉಡುಪಿ ರಾಜ್ಯಕ್ಕೇ ಮೊದಲ ಸ್ಥಾನಕ್ಕೆ ಬಂದಿತ್ತು. ಹಾಸ್ಟೆಲ್ ಎಂಬ ಕಟ್ಟಡ ಆಡಳಿತದ ಕಣ್ಣಿಗೆ ಎರಡು ರೀತಿ ಕಾಣಿಸತೊಡಗಿದ್ದು ಆಗಲೇ. ಒಂದೆಡೆ ಅದು ಸೋಂಕು ಹರಡಬಹುದಾದ ಸ್ಥಳ, ಇನ್ನೊಂದೆಡೆ ಸೋಂಕಿತರನ್ನೂ ಶಂಕಿತರನ್ನೂ ಪ್ರತ್ಯೇಕವಾಗಿಡಬಹುದಾದ ಸ್ಥಳ.

ಷರತ್ತಿನ ಪ್ರವೇಶ

ಕಾಲೇಜುಗಳು ಮತ್ತೆ ತೆರೆದದ್ದು 2020ರ ನವೆಂಬರ್ 17ರಂದು. ತರಗತಿಗೆ ಬರುವ ವಿದ್ಯಾರ್ಥಿಗೆ 72 ಗಂಟೆಗಳೊಳಗಿನ ಕೋವಿಡ್ ನೆಗೆಟಿವ್ ವರದಿ ಮತ್ತು ಹೆತ್ತವರ ಒಪ್ಪಿಗೆ ಪತ್ರ ಕಡ್ಡಾಯವಾಗಿತ್ತು. ಹಾಜರಾತಿ ಕಡ್ಡಾಯವಿರಲಿಲ್ಲ, ಆನ್‌ಲೈನ್ ಪಾಠದ ಆಯ್ಕೆ ಇತ್ತು. 2021ರ ಜನವರಿ 15ರಿಂದ ಪದವಿ, ಸ್ನಾತಕೋತ್ತರ, ಎಂಜಿನಿಯರಿಂಗ್‌ನ ಎಲ್ಲ ವರ್ಷಗಳ ತರಗತಿಗಳು ಆರಂಭವಾದವು.

ಇದಕ್ಕೆ ತುಸು ಮೊದಲು, 2020ರ ನವೆಂಬರ್ ಆರಂಭದಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಮಾರ್ಗಸೂಚಿ ಹೊರಡಿಸಿತ್ತು. ವಸತಿ ಕಾಲೇಜುಗಳ ಮಟ್ಟಿಗೆ ಅದೇ ಮೂಲ ದಾಖಲೆ. ಅನಿವಾರ್ಯವಿದ್ದಲ್ಲಿ ಮಾತ್ರ ಹಾಸ್ಟೆಲ್ ತೆರೆಯಬೇಕು, ಒಂದು ಕೊಠಡಿಯನ್ನು ಇಬ್ಬರು ಹಂಚಿಕೊಳ್ಳಬಾರದು, ರೋಗಲಕ್ಷಣ ಇರುವವರನ್ನು ಹಾಸ್ಟೆಲಿನಲ್ಲಿ ಇರಿಸಬಾರದು, ಊಟಕ್ಕೆ ಸಣ್ಣ ಸಣ್ಣ ತಂಡಗಳಾಗಿ ಬರಬೇಕು ಎಂದು ಅದು ಸೂಚಿಸಿತು.

ಸಂದರ್ಶಕರ ಬಗ್ಗೆ ಆ ಮಾರ್ಗಸೂಚಿಯ ನಿಲುವು ಇನ್ನೂ ಬಿಗಿಯಾಗಿತ್ತು. ಸಂದರ್ಶಕರನ್ನು ಒಳಗೆ ಬಿಡಲೇಬಾರದು ಅಥವಾ ಅವರ ಪ್ರವೇಶವನ್ನು ತೀವ್ರವಾಗಿ ಮಿತಿಗೊಳಿಸಬೇಕು ಎಂಬುದು ಅದರ ತಾತ್ಪರ್ಯ. ಬಿಡುವುದಾದರೆ ಷರತ್ತುಗಳನ್ನು ಪ್ರವೇಶದ್ವಾರದಲ್ಲಿ ಎಲ್ಲರಿಗೂ ಕಾಣುವಂತೆ ಪ್ರಕಟಿಸಬೇಕು, ಬಂದವರ ಸಂಪರ್ಕ ವಿವರ ಹಾಗೂ ಅವರು ಯಾರನ್ನು ಭೇಟಿಯಾದರು ಎಂಬುದನ್ನು ದಾಖಲಿಸಿಕೊಳ್ಳಬೇಕು ಎಂದೂ ಅದರಲ್ಲಿತ್ತು. ಷರತ್ತನ್ನು ದ್ವಾರದಲ್ಲಿ ಬರೆದು ಹಾಕಬೇಕು ಎಂಬ ಸೂಚನೆ ಚಿಕ್ಕದಾಗಿ ಕಂಡರೂ ದೂರದೂರಿನಿಂದ ಬಸ್ ಹತ್ತಿ ಬರುವ ಹೆತ್ತವರ ಪಾಲಿಗೆ ಅದೇ ಮುಖ್ಯವಾದದ್ದು.

ಎಂಐಟಿ ಸೀಲ್‌ಡೌನ್

2021ರ ಮಾರ್ಚ್ ಮಧ್ಯಭಾಗದಲ್ಲಿ ಎಂಐಟಿ ಆವರಣದಲ್ಲಿ ಎರಡೇ ದಿನಗಳಲ್ಲಿ ಐವತ್ತಕ್ಕೂ ಹೆಚ್ಚು ಮಂದಿಗೆ ಸೋಂಕು ದೃಢಪಟ್ಟಿತು. ಮಾರ್ಚ್ 17ರಂದು ಅಂದಿನ ಜಿಲ್ಲಾಧಿಕಾರಿ ಜಿ. ಜಗದೀಶ ಅವರು ಇಡೀ ಆವರಣವನ್ನು ಕಂಟೈನ್‌ಮೆಂಟ್ ವಲಯ ಎಂದು ಘೋಷಿಸಿದರು. ಆವರಣಕ್ಕೆ ಬರುವ ಹೋಗುವ ಓಡಾಟ ನಿಂತಿತು. ಪಾಠ ಆನ್‌ಲೈನಿಗೆ ಮರಳಿತು. ಸಾಮೂಹಿಕ ಪರೀಕ್ಷೆ ನಡೆದಂತೆ ಸೋಂಕಿತರ ಸಂಖ್ಯೆ ಕೆಲವೇ ದಿನಗಳಲ್ಲಿ ನೂರುಗಳನ್ನು ದಾಟಿತು. ಜಿಲ್ಲಾಧಿಕಾರಿ ಕಚೇರಿ ಇರುವ ರಜತಾದ್ರಿ ಸಂಕೀರ್ಣವೂ ಮಣಿಪಾಲದಲ್ಲೇ ಇದೆ. ಆದೇಶ ಹೊರಟ ಸ್ಥಳಕ್ಕೂ ಅದು ಜಾರಿಯಾದ ಸ್ಥಳಕ್ಕೂ ಇದ್ದ ದೂರ ಅತ್ಯಲ್ಪ.

ಆ ಹೊತ್ತಿನ ಒಂದು ಅಂಶವನ್ನು ಮರೆಯುವಂತಿಲ್ಲ. ದೇಶದಲ್ಲಿ ಲಸಿಕೆ ಅಭಿಯಾನ 2021ರ ಜನವರಿ 16ರಂದು ಆರಂಭವಾಗಿದ್ದರೂ ಮಾರ್ಚ್‌ನಲ್ಲಿ ಅದು ಆರೋಗ್ಯ ಕಾರ್ಯಕರ್ತರು, ಮುಂಚೂಣಿ ಸಿಬ್ಬಂದಿ, 60 ದಾಟಿದವರು ಹಾಗೂ ಇತರ ಕಾಯಿಲೆಗಳಿರುವ 45 ದಾಟಿದವರಿಗೆ ಸೀಮಿತವಾಗಿತ್ತು. 18 ವರ್ಷ ಮೇಲ್ಪಟ್ಟ ಎಲ್ಲರಿಗೂ ಲಸಿಕೆಯ ಅವಕಾಶ ದೊರೆತದ್ದು ಮೇ 1ರಿಂದ. ಅಂದರೆ ತರಗತಿಗೆ ಬರಲು ವಿದ್ಯಾರ್ಥಿಗಳಿಗೆ ಅನುಮತಿ ಇತ್ತು, ಲಸಿಕೆ ಪಡೆಯಲು ಅರ್ಹತೆ ಇರಲಿಲ್ಲ. ಯುವಜನರಲ್ಲಿ ಅನೇಕರಿಗೆ ರೋಗಲಕ್ಷಣವೇ ಕಾಣಿಸದ ಕಾರಣ ಗೇಟಿನಲ್ಲಿ ಹಣೆಗೆ ಹಿಡಿಯುತ್ತಿದ್ದ ಉಷ್ಣಮಾಪಕದಿಂದ ಸಿಕ್ಕ ಪ್ರಯೋಜನವೂ ಅಷ್ಟಕ್ಕಷ್ಟೇ.

ಏಪ್ರಿಲ್ 10ರಿಂದ ರಾಜ್ಯ ಸರಕಾರ ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಕರ್ಫ್ಯೂ ಜಾರಿಗೊಳಿಸಿದ ಕೆಲವೇ ನಗರಗಳ ಪಟ್ಟಿಯಲ್ಲಿ ಬೆಂಗಳೂರು, ಮೈಸೂರು, ಮಂಗಳೂರುಗಳ ಜತೆ ಉಡುಪಿ ಮತ್ತು ಮಣಿಪಾಲದ ಹೆಸರೂ ಇತ್ತು. ಏಪ್ರಿಲ್ 27ರ ರಾತ್ರಿಯಿಂದ ಇಡೀ ರಾಜ್ಯವೇ ಮುಚ್ಚಿತು.

ಆದೇಶ ಯಾರದು?

ಆ ಕಾಲದಲ್ಲಿ ಹೆತ್ತವರನ್ನು ಹೆಚ್ಚು ಗೊಂದಲಕ್ಕೆ ತಳ್ಳಿದ ಪ್ರಶ್ನೆ ಇದು. ರಾಜ್ಯದಲ್ಲಿ ನಿರ್ಬಂಧ ಸಡಿಲಗೊಂಡಿದೆ ಎಂದು ಪತ್ರಿಕೆಯಲ್ಲಿ ಓದಿ ಬಂದವರಿಗೆ ಹಾಸ್ಟೆಲಿನಲ್ಲಿ ಪ್ರವೇಶ ಇಲ್ಲ ಎಂಬ ಉತ್ತರ ಸಿಗುವುದು ಹೇಗೆ? ಕಾರಣ ಇಷ್ಟೆ: ಆದೇಶಗಳು ನಾಲ್ಕು ಮಟ್ಟಗಳಲ್ಲಿ ಹೊರಡುತ್ತಿದ್ದವು.

ಮೊದಲನೆಯದು ಕೇಂದ್ರ ಗೃಹ ಸಚಿವಾಲಯದ್ದು. 2005ರ ವಿಪತ್ತು ನಿರ್ವಹಣಾ ಕಾಯಿದೆಯಡಿ ಅದು ದೇಶಕ್ಕೆಲ್ಲ ಅನ್ವಯಿಸುವ ಮಾರ್ಗಸೂಚಿ ನೀಡುತ್ತಿತ್ತು. ಎರಡನೆಯದು ರಾಜ್ಯ ಸರಕಾರದ್ದು. ಡಾ. ಎಂ.ಕೆ. ಸುದರ್ಶನ್ ಅಧ್ಯಕ್ಷತೆಯ ತಾಂತ್ರಿಕ ಸಲಹಾ ಸಮಿತಿ ಸಲಹೆ ನೀಡುತ್ತಿತ್ತು, ಅದನ್ನು ಪರಿಶೀಲಿಸಿ ಸರಕಾರ ಆದೇಶ ಹೊರಡಿಸುತ್ತಿತ್ತು. ಮೂರನೆಯದು ಜಿಲ್ಲಾಧಿಕಾರಿಯದ್ದು. ಅದೇ ಕಾಯಿದೆಯ 34ನೇ ಕಲಮು ಬಾಧಿತ ಪ್ರದೇಶದೊಳಕ್ಕೆ ಜನರ ಪ್ರವೇಶ, ಅದರೊಳಗಿನ ಓಡಾಟ, ಅಲ್ಲಿಂದ ನಿರ್ಗಮನ ಇವೆಲ್ಲವನ್ನೂ ನಿಯಂತ್ರಿಸುವ ಅಧಿಕಾರವನ್ನು ಜಿಲ್ಲಾ ಪ್ರಾಧಿಕಾರಕ್ಕೆ ನೀಡುತ್ತದೆ. ಇದರೊಂದಿಗೆ 2020ರಲ್ಲಿ ರಾಜ್ಯ ತನ್ನದೇ ಸಾಂಕ್ರಾಮಿಕ ರೋಗಗಳ ಕಾಯಿದೆಯನ್ನೂ ರೂಪಿಸಿತ್ತು.

ನಾಲ್ಕನೆಯದು ಸಂಸ್ಥೆಯ ಸ್ವಂತ ಹಾಸ್ಟೆಲ್ ನಿಯಮ. ಸರಕಾರ ವಿಧಿಸಿದ ನಿರ್ಬಂಧಕ್ಕಿಂತ ಕಡಿಮೆ ಮಾಡಲು ಸಂಸ್ಥೆಗೆ ಅಧಿಕಾರವಿರಲಿಲ್ಲ. ಆದರೆ ಸರಕಾರ ಸಡಿಲಿಸಿದ ಮೇಲೂ ತನ್ನ ನಿಯಮವನ್ನು ಬಿಗಿಯಾಗಿ ಉಳಿಸಿಕೊಳ್ಳುವುದಕ್ಕೆ ಅಡ್ಡಿ ಇರಲಿಲ್ಲ. ಹೀಗಾಗಿ ಬಿಗಿ ಮಾಡುವಾಗ ನಾಲ್ಕು ಮಟ್ಟಗಳಲ್ಲಿ ಯಾವುದೊಂದು ಸಾಕಾಗುತ್ತಿತ್ತು, ಸಡಿಲಿಸುವಾಗ ನಾಲ್ಕೂ ಒಪ್ಪಬೇಕಾಗುತ್ತಿತ್ತು. ಗೇಟು ಬೇಗ ಮುಚ್ಚಿ ನಿಧಾನವಾಗಿ ತೆರೆಯುವುದರ ಗುಟ್ಟು ಇದೇ.

ಸಡಿಲಿಕೆಯ ಹಂತಗಳು

ಎರಡನೇ ಅಲೆ ಇಳಿದ ಮೇಲೆ 2021ರ ಜೂನ್ 14ರಂದು ರಾಜ್ಯದಲ್ಲಿ ಲಾಕ್‌ಡೌನ್ ಸಡಿಲಿಕೆ ಆರಂಭವಾಯಿತು. ನೆರೆಯ ದಕ್ಷಿಣ ಕನ್ನಡ, ಚಿಕ್ಕಮಗಳೂರು ಸೇರಿ 11 ಜಿಲ್ಲೆಗಳಲ್ಲಿ ಬಿಗಿ ಕ್ರಮ ಮುಂದುವರಿದರೂ ಉಡುಪಿಗೆ ವಿನಾಯಿತಿ ದೊರೆಯಿತು. ಜುಲೈ 26ರಿಂದ ಕಾಲೇಜು ತರಗತಿಗಳಿಗೆ ಅನುಮತಿ ಲಭಿಸಿತು. ಈ ಬಾರಿಯ ಷರತ್ತು ಬೇರೆ: ವಿದ್ಯಾರ್ಥಿಗಳೂ ಸಿಬ್ಬಂದಿಯೂ ಕನಿಷ್ಠ ಒಂದು ಡೋಸ್ ಲಸಿಕೆ ಪಡೆದಿರಬೇಕು. ಪರೀಕ್ಷಾ ವರದಿಯ ಸ್ಥಾನಕ್ಕೆ ಲಸಿಕೆಯ ಪ್ರಮಾಣಪತ್ರ ಬಂತು.

ಎಲ್ಲವೂ ಏಕಕಾಲಕ್ಕೆ ತೆರೆಯಲಿಲ್ಲ. ಆಗಸ್ಟ್ 23ರಂದು 9ರಿಂದ 12ನೇ ತರಗತಿಗಳು ರಾಜ್ಯದ ಬಹುತೇಕ ಜಿಲ್ಲೆಗಳಲ್ಲಿ ಆರಂಭವಾದಾಗ ಪಾಸಿಟಿವಿಟಿ ದರ ಶೇ. 2ನ್ನು ಮೀರಿದ್ದ ಐದು ಜಿಲ್ಲೆಗಳನ್ನು ಕೈಬಿಡಲಾಯಿತು. ಅವುಗಳಲ್ಲಿ ಉಡುಪಿಯೂ ಒಂದು. ಕಾಲೇಜಿಗೆ ಹೋಗುವ ಅಣ್ಣನಿಗೆ ತರಗತಿ ಇದೆ, ಪಿಯುಸಿ ಓದುವ ತಂಗಿಗೆ ಇಲ್ಲ ಎಂಬ ಸ್ಥಿತಿ ಒಂದೇ ಮನೆಯಲ್ಲಿ ಉಂಟಾಗಲು ಇದು ಅವಕಾಶ ಮಾಡಿತು.

ವಸತಿ ಕ್ಯಾಂಪಸ್ ತೆರೆಯುವ ಕ್ರಮಕ್ಕೆ ಒಂದು ಸಾಮಾನ್ಯ ಸ್ವರೂಪವಿದೆ. ಮೊದಲು ಪ್ರಯೋಗಾಲಯ ಅಥವಾ ಆಸ್ಪತ್ರೆಯ ಕೆಲಸ ಬೇಕಾದ ಅಂತಿಮ ವರ್ಷದವರು ಬರುತ್ತಾರೆ. ಬಳಿಕ ಉಳಿದ ವರ್ಷಗಳವರು. ಆಮೇಲೆ ಮೆಸ್‌ನಲ್ಲಿ ಕುಳಿತು ಊಟ ಮಾಡುವ ಅವಕಾಶ, ಅನಂತರ ಗ್ರಂಥಾಲಯ, ವ್ಯಾಯಾಮ ಶಾಲೆ, ಆಟದ ಮೈದಾನ. ಸಂಜೆ ಹೊರಗೆ ಹೋಗುವ ಔಟ್‌ಪಾಸ್, ವಾರಾಂತ್ಯಕ್ಕೆ ಊರಿಗೆ ಹೋಗುವ ಅನುಮತಿ ಇವುಗಳ ಸರದಿ ಅದರ ನಂತರ. ಸಂದರ್ಶಕರೂ ಸಾರ್ವಜನಿಕ ಸಮಾರಂಭಗಳೂ ಕಟ್ಟಕಡೆಗೆ. ಮಲ್ಪೆ ಮತ್ತು ಕಾಪುವಿನ ಕಡಲ ತೀರ, ಕಾರ್ಕಳದ ಗೊಮ್ಮಟ ಬೆಟ್ಟ ಬಸ್ಸಿನ ದಾರಿಯಲ್ಲೇ ಇದ್ದರೂ ಔಟ್‌ಪಾಸ್ ಇಲ್ಲದ ವಿದ್ಯಾರ್ಥಿಗೆ ಅವು ದೂರದ ಊರುಗಳೇ.

ಗಡಿಯಾಚೆಯ ವಿದ್ಯಾರ್ಥಿಗಳು

ಕರಾವಳಿಯ ಕಾಲೇಜುಗಳಲ್ಲಿ ಕೇರಳದ ವಿದ್ಯಾರ್ಥಿಗಳ ಸಂಖ್ಯೆ ಗಣನೀಯ. 2021ರ ಫೆಬ್ರವರಿಯಲ್ಲೇ ಕೇರಳದಿಂದ ಬರುವವರಿಗೆ ಆರ್‌ಟಿಪಿಸಿಆರ್ ವರದಿ ಕಡ್ಡಾಯಗೊಂಡಿತ್ತು. ಜುಲೈ ಅಂತ್ಯದಲ್ಲಿ, ಲಸಿಕೆ ಪಡೆದವರಿಗೂ ವರದಿ ಬೇಕೇ ಬೇಕು ಎಂದು ಸರಕಾರ ಹೇಳಿತು. ಸೆಪ್ಟೆಂಬರಿನಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೇರಳದಲ್ಲಿರುವ ವಿದ್ಯಾರ್ಥಿಗಳು ಹಾಗೂ ನೌಕರರು ಅಕ್ಟೋಬರ್ ಅಂತ್ಯದವರೆಗೆ ಮರಳದಂತೆ ತಿಳಿಸಬೇಕೆಂದು ಸಂಸ್ಥೆಗಳಿಗೆ ಸೂಚಿಸಲಾಯಿತು. ತರಗತಿ ತೆರೆದಿದ್ದರೂ ಊರಿನ ಹೆಸರಿನ ಕಾರಣಕ್ಕೆ ಮನೆಯಲ್ಲೇ ಉಳಿಯಬೇಕಾದ ವರ್ಗವೊಂದು ಹೀಗೆ ಸೃಷ್ಟಿಯಾಯಿತು. 2022ರ ಫೆಬ್ರವರಿಯಲ್ಲಿ ಈ ವರದಿಯ ಷರತ್ತನ್ನು ಕೈಬಿಡಲಾಯಿತು.

ವಿದೇಶಗಳಲ್ಲಿ ಹೆತ್ತವರಿದ್ದವರ ಕಾಯುವಿಕೆ ಇನ್ನೂ ದೀರ್ಘ. 2020ರ ಮಾರ್ಚ್‌ನಲ್ಲಿ ನಿಂತ ನಿಯಮಿತ ಅಂತಾರಾಷ್ಟ್ರೀಯ ವಿಮಾನ ಸೇವೆ ಪುನರಾರಂಭವಾದದ್ದು 2022ರ ಮಾರ್ಚ್ 27ರಂದು. ಅಲ್ಲಿಯವರೆಗೆ ವಿಶೇಷ ವಿಮಾನಗಳು ಹಾಗೂ ಕೆಲವು ದೇಶಗಳೊಂದಿಗಿನ ಸೀಮಿತ ಒಪ್ಪಂದದ ಸಂಚಾರ ಮಾತ್ರ ಇದ್ದವು. ಕೊಲ್ಲಿ ರಾಷ್ಟ್ರಗಳಲ್ಲಿ ದುಡಿಯುವ ಕರಾವಳಿಯ ಹೆತ್ತವರಿಗೆ ಮಗನ ಹಾಸ್ಟೆಲ್ ತಲುಪಲು ಕಾಲೇಜಿನ ಗೇಟಿಗಿಂತ ಮೊದಲು ವಿಮಾನ ನಿಲ್ದಾಣದ ಗೇಟು ತೆರೆಯಬೇಕಿತ್ತು.

ಧಾರವಾಡದ ಪಾಠ

ಸಡಿಲಿಕೆ ವೇಗ ಪಡೆಯುತ್ತಿದ್ದಂತೆಯೇ 2021ರ ನವೆಂಬರ್ ಕೊನೆಯಲ್ಲಿ ಧಾರವಾಡದ ಸತ್ತೂರಿನಲ್ಲಿರುವ ಎಸ್‌ಡಿಎಂ ವೈದ್ಯಕೀಯ ಕಾಲೇಜಿನಿಂದ ಸುದ್ದಿ ಬಂತು. ಮೊದಲ ದಿನ 66 ಮಂದಿಯಲ್ಲಿ ಪತ್ತೆಯಾದ ಸೋಂಕು ಎರಡೇ ದಿನಗಳಲ್ಲಿ 281ಕ್ಕೆ ಏರಿತು. ಹೆಚ್ಚಿನವರು ಎರಡೂ ಡೋಸ್ ಲಸಿಕೆ ಪಡೆದವರು. ನವೆಂಬರ್ 17ರಂದು ಆವರಣದಲ್ಲಿ ನಡೆದ ಹೊಸ ವಿದ್ಯಾರ್ಥಿಗಳ ಸ್ವಾಗತ ಸಮಾರಂಭದಿಂದ ಸೋಂಕು ಹರಡಿರಬಹುದೆಂದು ಆರೋಗ್ಯಾಧಿಕಾರಿಗಳು ಅಂದಾಜಿಸಿದರು. ಎರಡು ಹಾಸ್ಟೆಲ್‌ಗಳನ್ನು ಸೀಲ್‌ಡೌನ್ ಮಾಡಲಾಯಿತು.

ಇದರ ಬೆನ್ನಿಗೇ ರಾಜ್ಯ ಸರಕಾರ ಸೋಂಕಿನ ಗುಚ್ಛದ ವ್ಯಾಖ್ಯೆಯನ್ನು 10 ಪ್ರಕರಣಗಳಿಂದ 3ಕ್ಕೆ ಇಳಿಸಿತು. ದೇಶದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಡಿಸೆಂಬರ್ 2ರಂದು ಕರ್ನಾಟಕದಲ್ಲಿ ದೃಢಪಟ್ಟ ಮರುದಿನ, ಶಿಕ್ಷಣ ಸಂಸ್ಥೆಗಳಲ್ಲಿನ ಸಾಂಸ್ಕೃತಿಕ ಕಾರ್ಯಕ್ರಮ, ಉತ್ಸವಗಳನ್ನು 2022ರ ಜನವರಿ 15ರವರೆಗೆ ಮುಂದೂಡಲು ಆದೇಶವಾಯಿತು. ಮಣಿಪಾಲ, ನಿಟ್ಟೆಗಳಂತಹ ಕ್ಯಾಂಪಸ್‌ಗಳಿಗೂ ಇದು ಅನ್ವಯಿಸಿತು.

ಮಣಿಪಾಲ, ಧಾರವಾಡ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಹಾಸ್ಟೆಲಿನ ಅಪಾಯ ಇರುವುದು ಹಂಚಿಕೊಂಡ ಕೊಠಡಿ, ಒಂದೇ ಮೆಸ್, ಒಂದೇ ಸಭಾಂಗಣಗಳಲ್ಲಿ. ಸೋಂಕು ಹೊರಗಿನಿಂದಲೇ ಒಳಬರುತ್ತದೆ ಎಂಬುದು ನಿಜ. ಆದರೆ ಅದು ಬೆಂಕಿಯಂತೆ ಹರಡುವುದು ಒಳಗಿನ ಒಟ್ಟುಗೂಡುವಿಕೆಯಿಂದ. ಮರದ ನೆರಳಿನಲ್ಲಿ ಮಾಸ್ಕ್ ಧರಿಸಿ ಅರ್ಧ ಗಂಟೆ ಮಗಳೊಡನೆ ಮಾತಾಡಿ ಹೋಗುವ ತಾಯಿಯಿಂದ ಬರುವ ಅಪಾಯ, ಮುಚ್ಚಿದ ಸಭಾಂಗಣದಲ್ಲಿ ನೂರಾರು ಮಂದಿ ಸೇರುವುದರಿಂದ ಬರುವ ಅಪಾಯಕ್ಕಿಂತ ಬಹಳ ಕಡಿಮೆ. ನಿಯಮಗಳಲ್ಲಿ ಮಾತ್ರ ಇವೆರಡೂ ಬಹುಮಟ್ಟಿಗೆ ಒಂದೇ ಪಟ್ಟಿಯ ಕೊನೆಯಲ್ಲಿದ್ದವು.

ಅತಿಥಿ ಎಂದರೆ ಯಾರು?

ಸಂದರ್ಶಕ ಎಂಬ ಒಂದೇ ಪದದಡಿ ಹಲವು ಬಗೆಯ ಜನರಿದ್ದಾರೆ. ಹೆತ್ತವರು, ಸ್ಥಳೀಯ ಪೋಷಕರು, ಬೇರೆ ಹಾಸ್ಟೆಲಿನ ಸಹಪಾಠಿಗಳು, ಹಳೆ ವಿದ್ಯಾರ್ಥಿಗಳು, ಉಪನ್ಯಾಸಕ್ಕೆ ಬರುವ ತಜ್ಞರು, ಊಟ ತಲುಪಿಸುವ ಹುಡುಗರು, ದುರಸ್ತಿ ಕೆಲಸದವರು. ದಿನವೂ ಒಳಗೆ ಬಂದು ಹೋಗುವ ಮೆಸ್ ಸಿಬ್ಬಂದಿ ಈ ಪಟ್ಟಿಯಲ್ಲಿಲ್ಲ. ಅವರಿಲ್ಲದೆ ಹಾಸ್ಟೆಲ್ ಒಂದು ದಿನವೂ ನಡೆಯದು. ಆದರೆ ಸೀಲ್‌ಡೌನ್ ಆದಾಗ ಒಳಗೆ ಸಿಕ್ಕಿಹಾಕಿಕೊಂಡರೆ ಮನೆ ಬಿಡಬೇಕು, ಹೊರಗೆ ಉಳಿದರೆ ಸಂಬಳದ ಚಿಂತೆ ಎಂಬ ಇಕ್ಕಟ್ಟು ಎದುರಾಗುವುದು ಮೊದಲು ಇವರಿಗೇ.

ಸ್ಥಳೀಯ ಪೋಷಕರ ವಿಚಾರವನ್ನೂ ಗಮನಿಸಬೇಕು. ದೂರದ ವಿದ್ಯಾರ್ಥಿಗೆ ಜ್ವರ ಬಂದಾಗ ಮೊದಲು ಧಾವಿಸಬಲ್ಲವರು ಅವರೇ. ಎಲ್ಲ ಸಂದರ್ಶಕರಿಗೂ ಒಂದೇ ನಿಷೇಧ ವಿಧಿಸಿದಲ್ಲಿ ಅವರನ್ನು ಹಾಸ್ಟೆಲಿನ ದಾಖಲೆಯಲ್ಲಿ ಹೆಸರಿಸಿದ ಉದ್ದೇಶವೇ ವಿಫಲವಾಗುತ್ತದೆ.

ಕಾನೂನಿನ ಬಲ ಮುಗಿದ ದಿನ

2022ರ ಜನವರಿಯ ಮೂರನೇ ಅಲೆಯಲ್ಲಿ ವಾರಾಂತ್ಯದ ಕರ್ಫ್ಯೂ ಮರಳಿ ಬಂದರೂ ಬಹುಕಾಲ ನಿಲ್ಲಲಿಲ್ಲ. ಜನವರಿ 21ರಂದು ವಾರಾಂತ್ಯದ ಕರ್ಫ್ಯೂ, ಜನವರಿ 31ರಂದು ರಾತ್ರಿ ಕರ್ಫ್ಯೂ ರದ್ದಾದವು. ಲಘು ಲಕ್ಷಣದವರ ಮನೆವಾಸದ ಅವಧಿಯನ್ನು ಅದೇ ತಿಂಗಳು 7 ದಿನಗಳಿಗೆ ಇಳಿಸಲಾಗಿತ್ತು. ವಿಪತ್ತು ನಿರ್ವಹಣಾ ಕಾಯಿದೆಯಡಿ ಕೋವಿಡ್ ನಿಯಂತ್ರಣಕ್ಕೆ ನೀಡಿದ್ದ ಆದೇಶಗಳನ್ನು 2022ರ ಮಾರ್ಚ್ 31ರ ನಂತರ ಮುಂದುವರಿಸುವುದಿಲ್ಲ ಎಂದು ಕೇಂದ್ರ ಗೃಹ ಸಚಿವಾಲಯ ರಾಜ್ಯಗಳಿಗೆ ತಿಳಿಸಿತು. ಮಾಸ್ಕ್ ಬಗೆಗಿನ ಸಲಹೆಗಳು ಆ ಬಳಿಕವೂ ಬಂದವು. 2023ರ ಮೇ 5ರಂದು ವಿಶ್ವ ಆರೋಗ್ಯ ಸಂಸ್ಥೆ ಜಾಗತಿಕ ಆರೋಗ್ಯ ತುರ್ತುಸ್ಥಿತಿ ಮುಗಿದಿದೆ ಎಂದು ಸಾರಿತು.

2022ರ ಮಾರ್ಚ್ 31 ಎಂಬುದು ಹೆತ್ತವರೂ ವಿದ್ಯಾರ್ಥಿಗಳೂ ನೆನಪಿಡಬೇಕಾದ ದಿನಾಂಕ. ಅಲ್ಲಿಯವರೆಗೆ ಗೇಟಿನಲ್ಲಿ ತಡೆದವರು ಆ ಕಾಯಿದೆಯಡಿಯ ಸರಕಾರಿ ಆದೇಶದ ಕಡೆಗೆ ಕೈ ತೋರಿಸಬಹುದಿತ್ತು. ಈಗ ಹಾಸ್ಟೆಲ್‌ಗಳಲ್ಲಿರುವ ಭೇಟಿಯ ಸಮಯ, ನೋಂದಣಿ, ಕೊಠಡಿಗೆ ಪ್ರವೇಶ ನಿಷೇಧ ಮುಂತಾದವು ಸಂಸ್ಥೆಗಳ ಸ್ವಂತ ನಿಯಮಗಳು. ಭದ್ರತೆ, ಶಿಸ್ತಿನ ಕಾರಣಕ್ಕೆ ಅವು ಇರಬಹುದು, ಇರಬೇಕಾದದ್ದೂ ಆಗಿರಬಹುದು. ಆದರೆ ಕೋವಿಡ್ ಹೆಸರಿನಲ್ಲಿ ಅವನ್ನು ಸಮರ್ಥಿಸುವಂತಿಲ್ಲ. ಪ್ರಶ್ನೆ, ಮನವಿಗಳನ್ನು ಒಯ್ಯಬೇಕಾದದ್ದು ಜಿಲ್ಲಾಡಳಿತದ ಬಳಿಗಲ್ಲ, ಮುಖ್ಯ ವಾರ್ಡನ್ ಹಾಗೂ ಆಡಳಿತ ಮಂಡಳಿಯ ಬಳಿಗೆ.

ಸಡಿಲಿಕೆ ಆದೇಶದಲ್ಲಿ ಏನಿರಬೇಕು?

ನಿರ್ಬಂಧ ಹೇರುವ ಆದೇಶಗಳಿಗೆ ಸಂಖ್ಯೆ, ದಿನಾಂಕ, ಸಹಿ ಇದ್ದವು. ಸಡಿಲಿಕೆಗಳಲ್ಲಿ ಹಲವು, ಅದರಲ್ಲೂ ಸಂದರ್ಶಕರಿಗೆ ಸಂಬಂಧಿಸಿದವು, ಸದ್ದಿಲ್ಲದೆ ಜಾರಿಗೆ ಬಂದವು. ಯಾವ ದಿನದಿಂದ ಒಳಗೆ ಬಿಡುತ್ತಾರೆಂಬುದು ಕಾವಲುಗಾರನನ್ನು ಕೇಳಿದ ಮೇಲಷ್ಟೇ ತಿಳಿಯುವಂತಾಗಬಾರದು. ಮತ್ತೊಂದು ಸಾಂಕ್ರಾಮಿಕ ಬಂದಾಗ ಉಪಯೋಗಕ್ಕೆ ಬರಬಹುದಾದ ಅಂಶಗಳು ಇವು:

1. ಆದೇಶ ಯಾರದು, ಯಾವ ಕಾನೂನು ಅಥವಾ ನಿಯಮದಡಿ ಎಂಬುದರ ಸ್ಪಷ್ಟ ಉಲ್ಲೇಖ.

2. ನಿರ್ಬಂಧ ಮುಗಿಯುವ ಅಥವಾ ಮರುಪರಿಶೀಲನೆಯಾಗುವ ದಿನಾಂಕ. ಮುಂದಿನ ಆದೇಶದವರೆಗೆ ಎಂಬ ಪದಗಳು ಹೆತ್ತವರಿಗೆ ಟಿಕೆಟ್ ಕಾಯ್ದಿರಿಸಲು ನೆರವಾಗುವುದಿಲ್ಲ.

3. ಸಂದರ್ಶಕರ ವರ್ಗೀಕರಣ. ಹೆತ್ತವರು, ಸ್ಥಳೀಯ ಪೋಷಕರು, ಇತರರು ಎಂದು ಪ್ರತ್ಯೇಕ ನಿಯಮ.

4. ತೆರೆದ ಜಾಗದಲ್ಲಿ ಭೇಟಿಗೆ ವ್ಯವಸ್ಥೆ. ಕೊಠಡಿಗೆ ಬಿಡಲಾಗದಿದ್ದರೆ ಅಂಗಳದಲ್ಲಾದರೂ ಅವಕಾಶ.

5. ಅನಾರೋಗ್ಯ, ಮನೆಯಲ್ಲಿ ಸಾವು ಮುಂತಾದ ತುರ್ತು ಸಂದರ್ಭಗಳಿಗೆ ವಿನಾಯಿತಿ ಹಾಗೂ ಅದನ್ನು ನೀಡಬಲ್ಲ ಅಧಿಕಾರಿಯ ಹೆಸರು, ದೂರವಾಣಿ ಸಂಖ್ಯೆ.

6. ದಿನಗೂಲಿ ಹಾಗೂ ಗುತ್ತಿಗೆ ಸಿಬ್ಬಂದಿಯ ವಸತಿ ಮತ್ತು ವೇತನದ ಭರವಸೆ.

7. ಇವೆಲ್ಲವೂ ಕನ್ನಡದಲ್ಲೂ ಗೇಟಿನ ಬಳಿ ಕಾಣುವಂತೆ ಪ್ರಕಟವಾಗಬೇಕು.

ಕೊನೆಯ ಅಂಶಕ್ಕೆ ಹೆಚ್ಚು ಖರ್ಚಿಲ್ಲ. ಒಂದು ಫಲಕ, ಒಂದು ದಿನಾಂಕ ಸಾಕು. ಯುಜಿಸಿ 2020ರಲ್ಲೇ ಹೇಳಿದ್ದ ಮಾತು ಇದು. ರಾತ್ರಿಯಿಡೀ ಬಸ್ಸಿನಲ್ಲಿ ಕುಳಿತು ಬಂದು, ತಿಂಡಿಯ ಡಬ್ಬಿಯನ್ನು ಕಾವಲುಗಾರನ ಕೈಗಿತ್ತು ಮರಳುವ ಪ್ರಯಾಣವನ್ನು ಅಂತಹ ಫಲಕವೊಂದು ತಪ್ಪಿಸಬಲ್ಲದು.